ಬುರುಜಿನ ಏಳನೇ ಕಲ್ಲು

ಆ ಗುಡ್ಡದ ಹೆಸರು ನಾ ಬರಿಯೂದಿಲ್ಲ. ಬುಡದಾಗಿರೋ ಓಣಿಯವರು ಇನ್ನೂ ಅಲ್ಲೇ ಅದಾರ, ಅವರಿಗೆ ನನ್ನಿಂದ ಆಗಿದ್ದು ಸಾಕು. ಗಜೇಂದ್ರಗಡದ ಸುತ್ತಮುತ್ತ ಕೆಂಪು ಕಲ್ಲಿನ ಗುಡ್ಡ ಭಾಳ ಅದಾವು, ಅದರಾಗಿಂದ ಒಂದು ಅಂತ ತಿಳ್ಕೊಳ್ರಿ. ಉಳಿದ ಗುಡ್ಡದ ನೆತ್ತಿ ಮ್ಯಾಲೆಲ್ಲ ಗಾಳಿಗೆ ತಿರುಗೋ ದೊಡ್ಡ ದೊಡ್ಡ ಫ್ಯಾನು ನಿಂತಾವು. ಇದರ ಮ್ಯಾಲೆ ಹಾಳಬಿದ್ದ ಹಳೇ ಕ್ವಾಟಿ ಐತಿ, ಹಂಗಾಗಿ ಇದನ್ನೊಂದು ಬಿಟ್ಟಾರ.

ನನ್ನ ಕೆಲಸ ಹಳೇ ಕಟ್ಟಡದ ದುರಸ್ತಿ ಮುಂದ ನಿಂತು ಮಾಡ್ಸೂದು. ಗೌಂಡಿ ಅಲ್ಲ, ಇಂಜಿನಿಯರೂ ಅಲ್ಲ. ಇಬ್ಬರ ನಡುವ ನಿಂತು ಎರಡೂ ಕಡೆಯಿಂದ ಬೈಸ್ಕೊಳ್ಳೋ ಮನಿಷ್ಯಾ. ನರೇಗಲ್ಲಿನಿಂದ ದಿನಾ ಮುಂಜಾನೆ ಗಾಡಿ ಮ್ಯಾಲೆ ಹೋಗಿ, ಕೆಳಗ ಓಣ್ಯಾಗ ಗಾಡಿ ಹಚ್ಚಿ, ಗುಡ್ಡ ಏರತಿದ್ದೆ. ಸಿಟ್ಟು ನನಗ ಲಗೂ ಬರ್ತೈತಿ. ಕೆಲಸದವರು ನನ್ನ ಹಿಂದ ಏನೇನು ಅಂತಿದ್ರೋ ಗೊತ್ತಿಲ್ಲ, ಆದ್ರ ಅಳತಿ ಒಳಗ ನಾ ತಪ್ಪೂದಿಲ್ಲ ಅನ್ನೂದನ್ನ ಎಲ್ಲಾರೂ ಒಪ್ತಿದ್ರು. ಆ ಹಮ್ಮು ನನಗೂ ಇತ್ತು.

ಕ್ವಾಟಿ ಯಾರು ಕಟ್ಟಿಸಿದ್ರು ಅಂತ ಊರಾಗ ಕೇಳಿದ್ರ ಮೂರು ಮಂದಿ ಮೂರು ರಾಜರ ಹೆಸರು ಹೇಳ್ತಾರ. ನಾ ಕಲ್ಲನ್ನ ಕೇಳಾಂವ. ಬುಡದ ಆಳೆತ್ತರದ ಗ್ವಾಡಿಗೆ ಸುಣ್ಣದ ಸುಳಿವೇ ಇಲ್ಲ. ಎತ್ತಿನಷ್ಟು ದೊಡ್ಡ ಕಲ್ಲು ಒಂದರ ಮ್ಯಾಲೊಂದು ಕೂಡಿಸ್ಯಾರ, ಸಂದಿಯೊಳಗ ಚಾಕು ಹೋಗೂದಿಲ್ಲ. ಅದು ಮದ್ಲಿನವರದು. ಅದರ ಮ್ಯಾಲೆ ಸಣ್ಣ ಕಲ್ಲು, ಗಚ್ಚು, ಬಂದೂಕಿನ ಕಿಂಡಿ. ಅದು ತೋಪು ಬಂದ ಮ್ಯಾಲಿನ ಕಾಲದ್ದು. ಅಗಸಿ ಬಾಗಲಕ್ಕ ನೆಟ್ಟಗ ಹೋಗಾಕ ಬರೂದಿಲ್ಲ, ಎರಡು ಸಲ ಹೊಳ್ಳಬೇಕು. ಆನಿ ಓಡಿ ಬಂದು ಬಾಗಲಾ ಗುದ್ದಬಾರದು ಅಂತ ಹಂಗ ಮಾಡ್ಯಾರ. ನೆತ್ತಿ ಮ್ಯಾಲೆ ಬಂಡೆಗಲ್ಲು ಕಡದು ಮಾಡಿದ ಹೊಂಡದಾಗ ಬ್ಯಾಸಗಿಯೊಳಗೂ ಮೊಳಕಾಲ ಮಟ ನೀರಿರತಾವು. ಕಟ್ಟಿದವರು ಹುಡುಗಾಟದ ಮಂದಿ ಅಲ್ಲ ಅಂತ ಅಲ್ಲಿ ನಿಂತ ದಿನಾನೇ ನನಗ ತಿಳದಿತ್ತು. ಅಷ್ಟು ತಿಳದೂ ನಾ ಮಾಡಿದ್ದನ್ನ ಈಗ ಹೇಳ್ತೀನಿ.

ಓಣಿಗೆ ಎದುರಾಗಿ ಒಂದು ದುಂಡನೆ ಬುರುಜು ಐತಿ. ಎತ್ತರ ಮೂವತ್ತು ಫೂಟಿನ ಮ್ಯಾಲೆ. ಅದರ ಬುಡಕ್ಕ ಒಂದು ಬಂಡೆಗಲ್ಲಿನ ಕಟ್ಟಿ, ಕಟ್ಟಿ ಕೆಳಗ ಇಳಿಜಾರು, ಇಳಿಜಾರು ಮುಗಿದಲ್ಲಿ ಎಂಟು ಮನಿ. ಬುರುಜಿನ ಗ್ವಾಡಿ ಇಡೀ ಕಲ್ಲಿಂದಲ್ಲ. ಹೊರಗೊಂದು ಕೆತ್ತಿದ ಕಲ್ಲಿನ ಗ್ವಾಡಿ, ಒಳಗೊಂದು ಅಂಥಾದ್ದೇ ಗ್ವಾಡಿ, ನಡುವ ಮಣ್ಣು, ಗರಸು, ಚೂರು ಕಲ್ಲು ತುಂಬ್ಯಾರ. ಹೊರಗಿನ ಮುಖದಾಗ ಏಳು ಚೌಕ ತೂತು ಇದ್ವು. ಮ್ಯಾಲೆ ನಾಕು, ಕೆಳಗ ಎದಿ ಎತ್ತರಕ್ಕ ಮೂರು. ಎಲ್ಲಾ ಸಮಾ ಅಂತರದಾಗ.

ನಮ್ಮ ಹಿರೇ ಗೌಂಡಿ ಅರವತ್ತು ದಾಟಿದಂವ. ಆ ಎಂಟು ಮನಿಯೊಳಗ ಒಂದು ಅವಂದೇ. ನಾ ಕಾಕಾ ಅಂತಿದ್ದೆ, ಅಂವ ನನಗ ಸರ್ರ ಅಂತಿದ್ದ. ದುರಸ್ತಿ ಸುರು ಆದ ಬ್ಯಾಸಗ್ಯಾಗ ನಾವಿಬ್ಬರೂ ಆ ತೂತಿನ ಮುಂದ ನಿಂತ್ವಿ. ಅಂವ ಒಳಗ ಕೈ ಹಾಕಿ ನೋಡಿ, "ಗಳದ ತೂತ್ರಿ ಇವು" ಅಂದ. ಎತ್ತರದ ಗ್ವಾಡಿ ಕಟ್ಟೂ ಮುಂದ ನಿಲ್ಲಾಕ ಅಟ್ಟ ಕಟ್ಟಬೇಕು, ಅಟ್ಟಕ್ಕ ಬಿದಿರಿನ ಅಡ್ಡಗಳ ಬೇಕು, ಗಳದ ತುದಿ ಗ್ವಾಡಿಯೊಳಗ ಇಡಾಕ ಎಲ್ಲಾ ಗೌಂಡಿಗಳೂ ತೂತು ಬಿಡ್ತಾರ, ಕೆಲಸ ಮುಗಿದ ಮ್ಯಾಲೆ ಗಳ ಎಳದು ತೂತು ಮುಚ್ತಾರ. ನಲವತ್ತು ವರ್ಷ ಅಂವ ಅದನ್ನೇ ಮಾಡಿಕೋತ ಬಂದಿದ್ದ. ನಾನೂ ಸಾವಿರ ಗ್ವಾಡ್ಯಾಗ ಅಂಥಾ ತೂತು ನೋಡಿದ್ದೆ. ಹೌದ್ರಿ ಅಂದೆ. ಮುಚ್ಚರಿ ಅಂದೆ.

ಚೂರು ಕಲ್ಲು, ಸುಣ್ಣ ಹಾಕಿ ಗೇಣಾಳಕ್ಕ ಮುಚ್ಚಿದ್ವಿ. ತೂತು ಒಳಗ ಎಷ್ಟು ಆಳ ಐತಿ ಅಂತ ಒಂದು ಗಳ ತೂರಿಸಿ ನೋಡಲಿಲ್ಲ. ತೂತಿನ ಅಗಲ, ಎತ್ತರ ಮಾತ್ರ ನನ್ನ ವಹಿಯೊಳಗ ಬರಕೊಂಡೆ, ಕೆಳಗ ಸಹಿ ಮಾಡಿದೆ. ಮುಖ ಎಷ್ಟು ಚಂದ ಕಾಣಸ್ತಿತ್ತಂದ್ರ ಮ್ಯಾಲಿನ ಸಾಹೇಬ್ರು ಅದರ ಮುಂದ ನಿಂತು ಫೋಟೋ ತಗಿಸ್ಕೊಂಡ್ರು.

ಮುಂದಿನ ಮಳಿಗಾಲಕ್ಕ ಬುರುಜಿನ ಹೊಟ್ಟಿ ಉಬ್ಬಾಕ ಹತ್ತು. ಮದ್ಲ ಕೂದಲೆಳಿಯಷ್ಟು ಬಿರುಕು. ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿ ಸುಣ್ಣದಾಗ ಅಂಟಿಸಿದೆ. ಗ್ವಾಡಿ ಅಲಗಾಡಿದ್ರ ಗಾಜು ಒಡಿತೈತಿ. ನಾಕು ದಿನಕ್ಕ ಮೂರು ಗಾಜು ಒಡದಿದ್ವು. ಮ್ಯಾಲಿಂದ ತೂಗುಗುಂಡು ಇಳಿಬಿಟ್ಟು ನೋಡಿದ್ರ ನಡುವ ಗ್ವಾಡಿ ಮೂರು ಬೆರಳು ಹೊರಗ ಬಂದಿತ್ತು. ವಾರಕ್ಕ ನಾಕು ಬೆರಳಾತು. ಸಾಹೇಬ್ರಿಗೆ ಫೋನ್ ಮಾಡಿದೆ. ಅವರು ಬಂದು ನೋಡಿ, ಮ್ಯಾಲೆ ನೀರು ಹೊಕ್ಕೇತಿ, ತಾಡಪತ್ರಿ ಹೊಚ್ಚರಿ ಅಂದು ಹ್ವಾದ್ರು. ಹೊಚ್ಚಿದ್ವಿ. ಉಬ್ಬು ನಿಲ್ಲಲಿಲ್ಲ. ಓಣಿಯ ಎಂಟೂ ಮನಿಯವರನ್ನ ಊರೊಳಗಿನ ಸಮುದಾಯ ಭವನಕ್ಕ ಕಳಿಸಿದ್ವಿ. ಮಂದಿ ರಾತ್ರಿ ಅಲ್ಲಿ ಮಲಗತಿದ್ರು, ಹಗಲು ದನಾ ಕರಾ ಅಂತ ತಿರುಗಿ ಬರ್ತಿದ್ರು. ಯಾರು ಕಟ್ಟಿ ಹಾಕಾವರು?

ಹಂಗ ಒಂದಿನ ಮುಂಜಾನೆ ಕಾಕಾನ ಮನ್ಯಾಗ ಚಾ ಕುಡಿಯಾಕ ಹೋದೆ. ಅವನ ಹೆಂಡತಿ ಹೊಸ್ತಲಕ್ಕ ಅರಿಷಿಣ ಹಚ್ಚಿ, ಕುಂಕುಮ ಇಟ್ಟು, ಆಗಷ್ಟೇ ಎದ್ದಿದ್ದಳು. ಕಟ್ಟಿ ಮ್ಯಾಲೆ ಕುಂತು ನೋಡ್ತೀನಿ, ಬಾಗಲಾ ಎರಡೂವರಿ ಫೂಟು, ಹೊಸ್ತಲ ಐದು ಫೂಟಿನ ಮ್ಯಾಲೆ. ಒಂದು ತುದಿ ಗ್ವಾಡಿ ದಾಟಿ ಕಟ್ಟಿ ಮಟ ಚಾಚಿತ್ತು. ಆ ತುದಿ ಮಾತ್ರ ನುಣ್ಣಗ ಕೆತ್ತಿತ್ತು, ಅಂಚಿಗೆ ಎರಡು ಸಾಲು ಚಾಣದ ಗೆರಿ. ಬುರುಜಿನ ಮುಖದ ಕಲ್ಲಿಗೆ ಅದೇ ಗೆರಿ ಅದಾವು. ಚಾ ಬಶಿ ಕೆಳಗಿಟ್ಟು ಟೇಪು ತಗದೆ. ಹನ್ನೊಂದು ಇಂಚು, ಒಂಬತ್ತು ಇಂಚು. ವಹಿ ತಗದು ನೋಡಿದೆ. ಕೆಳಗಿನ ಸಾಲಿನ ನಡುವಿನ ತೂತು ಹನ್ನೊಂದೂವರಿ, ಒಂಬತ್ತೂವರಿ.

ಓಣಿ ತುಂಬ ಟೇಪು ಹಿಡ್ಕೊಂಡು ಅಡ್ಡಾಡಿದೆ. ರಸ್ತಾ ಅಗಲ ಮಾಡಾಕ ಅಳಿಯಾಕ ಹತ್ತ್ಯಾನ ಅಂತ ಹೆಂಗಸರು ಗಾಬರಿ ಆದ್ರು. ಆರು ಮನ್ಯಾಗ ಹೊಸ್ತಲ, ಒಂದು ಮನ್ಯಾಗ ಅರಬಿ ಒಗಿಯೋ ಕಲ್ಲು. ಏಳು ತೂತಿಗೆ ಏಳು ಕಲ್ಲು, ಒಂದೊಂದರ ಅಳತಿ ಒಂದೊಂದಕ್ಕ ಸರಿಹೊಂದ್ತು.

ಅವು ಗಳದ ತೂತಲ್ಲ. ಹೊರಗಿನ ಗ್ವಾಡಿನ ಒಳಗಿನ ಗ್ವಾಡಿಗೆ ಹಿಡದಿಡಾಕ ಅಡ್ಡಲಾಗಿ ಹಾಕಿದ್ದ ಉದ್ದನ ಕಲ್ಲಿನ ಜಾಗಾ. ಕೌದಿಗೆ ಟಾಕಿ ಹಾಕಿದ್ಹಂಗ. ಟಾಕಿ ಬಿಚ್ಚಿದ್ರ ಒಳಗಿನ ಚಿಂದಿ ಎಲ್ಲಾ ಕೆಳಗ ಸರದು ಗಂಟಾಗತೈತಿ. ಅಜ್ಜಂದ್ರ ಕಾಲದಾಗ ಓಣಿಯವರು ಮನಿ ಕಟ್ಟೂ ಮುಂದ ಹಾರಿ ಹಾಕಿ ಆ ಉದ್ದನ ಕಲ್ಲು ಎಳಕೊಂಡಾರ. ಅಂಥಾ ಹೊಸ್ತಲ ಬ್ಯಾರೆ ಎಲ್ಲಿ ಸಿಗತೈತಿ? ಆದ್ರೂ ಬುರುಜು ನಿಂತಿತ್ತು, ಯಾಕಂದ್ರ ಕಲ್ಲು ಹೋದ ತೂತಿನಿಂದ ಒಳಗಿನ ನೀರು ಹೊರಗ ಹರಿದು ಹೋಗ್ತಿತ್ತು. ನಾವು ಅದನ್ನೂ ಮುಚ್ಚಿದ್ವಿ.

ಕಾಕಾಗ ಹೇಳಿದೆ. ಅವನ ಅಜ್ಜ ನಾಕು ಆಳು ಕೂಡಿ ಆ ಕಲ್ಲು ಇಳಿಸಿಕೊಂಡು ಬಂದ ಕಥಿ ಅಂವ ಎಷ್ಟೋ ಸಲ ನನ್ನ ಮುಂದ ಹೆಮ್ಮಿಲೆ ಹೇಳಿದ್ದ. ಕಥೀನೂ ನಾವು ಕೇಳಿದ್ವಿ, ತೂತೂ ನೋಡಿದ್ವಿ, ಎರಡನ್ನೂ ಕೂಡಿಸಲಿಲ್ಲ. ದಿನಾ ಎರಡು ಸಲ ದಾಟೋ ಕಲ್ಲನ್ನ ಅಂವ ಗುರುತು ಹಿಡೀಲಿಲ್ಲ. ಅಳತಿ ಬರಕೊಂಡ ನಾನೂ ಹಿಡೀಲಿಲ್ಲ.

ಏನು ಮಾಡೂದು ಅಂತ ಸಾಹೇಬ್ರ ಜೋಡಿ ಕುಂತ್ವಿ. ಬುರುಜು ಮ್ಯಾಲಿಂದ ಬಿಚ್ಚಬಹುದಿತ್ತು. ಆದ್ರ ಮಿಷನ್ನು ಹೋಗೂ ದಾರಿ ಇಲ್ಲ. ಮಳ್ಯಾಗ ಕೈಲೆ ಬಿಚ್ಚಿದ್ರ ಕಲ್ಲು ಉಳ್ಳಿ ಓಣಿ ಮ್ಯಾಲೇ ಬೀಳತಾವು. ಹಂಗ ಬಿಟ್ರ ಇಡೀ ಮುಖ ಒಂದ ಸಲಕ್ಕ ಬೀಳತೈತಿ. ಉಳಿದಿದ್ದು ಒಂದೇ, ಕಲ್ಲು ತಿರುಗಿ ಹಾಕೂದು. ನಾನೇ ಅದನ್ನ ಹೇಳಿದೆ. ಸಾಹೇಬ್ರು ಬಾಯಿಮಾತಿಲೆ ಹೂಂ ಅಂದ್ರು, ಬರದು ಕೊಡಲಿಲ್ಲ.

ಹೊಸ್ತಲ ಕೇಳಾಕ ಹೋದ್ರ ಓಣಿಯವರು ಬಾಗಲದಾಗ ಅಡ್ಡ ನಿಂತ್ರು. ದಿನಾ ಪೂಜಿ ಮಾಡೋ ಹೊಸ್ತಲ ಕಿತ್ತು ಕೊಟ್ರ ಮನ್ಯಾಗ ಏನು ಉಳಿತೈತಿ ಅಂತ ಒಬ್ಬಾಕಿ ಕೇಳಿದಳು. ನಾ ದನಿ ಏರಿಸಿದೆ, ಅವರೂ ಏರಿಸಿದ್ರು. ಕಾಕಾ ತನ್ನ ಮನಿಗೆ ಹೋಗಿ, ಹಾರಿ ತಗೊಂಡು, ಎಲ್ಲಾರೂ ನೋಡೂಹಂಗ ತನ್ನ ಹೊಸ್ತಲಾ ಮೀಟಾಕ ಹತ್ತಿದ. ಮುಂಜಾನೆ ಹಚ್ಚಿದ ಅರಿಷಿಣ ಇನ್ನೂ ಹಸಿ ಇತ್ತು. ಅವನ ಹೆಂಡತಿ ಕುಂಕುಮದ ಬಟ್ಟಲಾ ಎತ್ತಿಕೊಂಡು ಒಳಗ ಹೋದಳು. ಸಂಜಿಯೊಳಗ ಮತ್ತ ಮೂರು ಕಲ್ಲು ಬಂದ್ವು, ಮರುದಿನ ಉಳಿದ ಮೂರೂ.

ಕಲ್ಲಿಗೆ ಕೆಂಪು ಬಣ್ಣಲೆ ನಂಬರ ಬರದೆ. ಮ್ಯಾಲಿನ ಸಾಲಿಗೆ ಒಂದರಿಂದ ನಾಕು, ಕೆಳಗಿನ ಎರಡು ಬದಿಗೆ ಐದು, ಆರು, ಕೆಳಗಿನ ನಡುವಿಂದು ಏಳು. ಏಳು ಕಾಕಾಂದು. ಮದ್ಲ ಕಿತ್ತ ಕಲ್ಲಿಗೆ ಕಡೀ ಪಾಳಿ ಕೊಟ್ರಲ್ಲ ಅಂತ ಅಂವ ನಕ್ಕ. ಆ ತೂತು ಉಬ್ಬಿನ ಕೆಳಗೇ ಇತ್ತು, ಅದಕ್ಕ ಕಡೀಕ ಇಟ್ಟಿದ್ದೆ.

ಕೆಲಸದ ಕ್ರಮ ಹಿಂಗಿತ್ತು. ಮುಖಕ್ಕ ದಪ್ಪನ ಕಟಗಿ ತೊಲಿ ಆನಿಸಿ ಆಸರ ಕೊಡೂದು. ಒಂದ ಸಲಕ್ಕ ಒಂದ ತೂತು ತಗಿಯೂದು, ಅದರ ಬಾಜೂದ್ದು ಮುಟ್ಟೂಹಂಗಿಲ್ಲ. ಚೂರು ಕಲ್ಲು ಹೊರಗ ತಗದು, ಒಳಗಿನ ಗ್ವಾಡಿ ಹತ್ತೂ ಮಟ ಕೈಲೆ ಮಣ್ಣು ಬಳದು ತಗೀಬೇಕು. ಸಣ್ಣ ಗಳದ ತುಂಡಿನ ಮ್ಯಾಲೆ ಉರುಳಿಸಿಕೋತ ಕಲ್ಲು ಒಳಗ ಸರಿಸಿ, ಸುತ್ತ ಗಟ್ಟಿ ಚೂರು ಬಡದು, ಸುಣ್ಣ ತುಂಬಬೇಕು. ಕೆಳಗ ಎರಡು ಬೆರಳು ಸಂದಿ ಬಿಡಬೇಕು, ನೀರು ಹೋಗಾಕ. ಆಮ್ಯಾಲ ಎರಡು ದಿನ ಮುಟ್ಟಬಾರದು. ಮಳಿ ಬಂದ ದಿನ ಕೆಲಸಿಲ್ಲ.

ಇಪ್ಪತ್ತು ದಿನದಾಗ ಆರು ಕಲ್ಲು ಕುಂತ್ವು. ಆರನೇದು ಕುಂತ ಮ್ಯಾಲೆ ಗಾಜು ಒಡೀಲಿಲ್ಲ. ತೂಗುಗುಂಡು ನಾಕೂವರಿ ಬೆರಳಿಗೆ ನಿಂತದ್ದು ನಿಂತೇ ಇತ್ತು. ಆ ಎರಡು ದಿನ ನಾ ಹೊಟ್ಟಿ ತುಂಬ ಉಂಡೆ.

ಆಮ್ಯಾಲ ಎರಡು ದಿನ ಜಿಟಿಜಿಟಿ ಮಳಿ ಹಿಡೀತು. ಮೂರನೇ ದಿನ ಬಿಸಿಲು ಬಿತ್ತು. ಏಳನೇ ತೂತಿನ ಮುಂದ ಬಗ್ಗಿ ನೋಡಿದೆ. ನಾವು ತುಂಬಿದ್ದ ಚೂರಿನ ಕೆಳಗ ಕೆಂಪನ್ನ ನೀರು ಒಸರತಿತ್ತು. ಒಳಗಿನ ಮಣ್ಣು ನೆನದೈತಿ ಅನ್ನೂದಕ್ಕ ಅದಕ್ಕಿಂತ ಗುರುತು ಬ್ಯಾಡ.

"ಕಾಕಾ, ಇದೊಂದು ಬಿಡೂಣು" ಅಂದೆ. "ಮಳಿಗಾಲ ಮುಗೀಲಿ. ಆರು ಹಿಡದಾವು."

ಅಂವ ನನ್ನ ಕಡೆ ನೋಡಲಿಲ್ಲ, ತೂತಿನ ಕಡೆ ನೋಡಿಕೋತ ಹೇಳಿದ: "ಗಳದ ತೂತು ಅಂದಂವ ನಾನ್ರಿ ಸರ್ರ. ಮುಚ್ಚಿದಂವಾನೂ ನಾನ. ಎಲ್ಲಾರ ಹೊಸ್ತಲ ಕೀಳಿಸಿ ತಂದು ನನ್ನ ಕಲ್ಲಷ್ಟ ಅಂಗಳದಾಗ ಒಗದ್ರ ಓಣ್ಯಾಗ ಹ್ಯಾಂಗ ತಲಿ ಎತ್ತಲಿ? ಆರು ಹಾಕೇನಿ, ಇದನ್ನೂ ಹಾಕ್ತೀನಿ. ಊಟದೊಳಗ ಮುಗೀತೈತಿ."

ಬ್ಯಾಡ ಅನ್ನೂದು ನನ್ನ ಕೈಯಾಗಿತ್ತು. ಆ ಗುಡ್ಡದ ಮ್ಯಾಲೆ ನನ್ನ ಮಾತಿಗೆ ಮೀರಿ ಒಂದು ಕಲ್ಲು ಅಲಗಾಡ್ತಿರಲಿಲ್ಲ. ಅಂವ ಹಟ ಮಾಡಿದ, ನಾ ಸೋತೆ ಅಂತ ಮಂದಿ ಮುಂದ ಹೇಳ್ಕೊಂಡು ತಿರುಗಬಹುದು, ತಿರುಗೇನಿ ಕೂಡ. ಖರೇ ಹೇಳಬೇಕಂದ್ರ ನನಗೂ ಅದು ಬೇಕಾಗಿತ್ತು. ನನ್ನ ಸಹಿಯಿಂದ ಮುಚ್ಚಿದ ಏಳು ತೂತಿನಾಗ ಆರು ತಗದಾಗಿತ್ತು. ಏಳನೇದೂ ತಗದು ಕಲ್ಲು ಕುಂತ್ರ, ನಾ ಮಾಡಿದ ತಪ್ಪು ಆ ಗ್ವಾಡ್ಯಾಗ ಎಲ್ಲೂ ಉಳಿಯೂದಿಲ್ಲ. ಅದನ್ನ ಮನಸ್ಸಿನಾಗ ಇಟ್ಕೊಂಡು, ಹುಷಾರ್ರಿ ಅಂತಷ್ಟ ಅಂದೆ.

ಇನ್ನೊಂದು ತೊಲಿ ಹೆಚ್ಚಿಗೆ ಆನಿಸಿದ್ವಿ. ಇಬ್ಬರು ಗೌಂಡಿಗಳು ಬಾಜೂಕ ನಿಂತ್ರು, ನಾ ತೂಗುಗುಂಡಿನ ಹಗ್ಗ ನೋಡಿಕೋತ ನಿಂತೆ. ಕಾಕಾ ಚಾಣ ಹಚ್ಚಿ ಮ್ಯಾಲಿನ ಚೂರಿನಿಂದ ಸುರು ಮಾಡಿದ. ಒಂದು, ಎರಡು, ಐದು. ಕಡೀ ದೊಡ್ಡ ಚೂರು ಹೊರಗ ಬಂದ ಕೂಡ್ಲೇ ಹಸಿ ಮಣ್ಣು ತಾನಾಗೇ ಸುರಿಯಾಕ ಹತ್ತು, ಹರಿದ ಚೀಲದಿಂದ ಜ್ವಾಳ ಸುರದಂಗ. ಅಂವ ಸರಿಯಬೇಕಾಗಿತ್ತು. ಸರೀಲಿಲ್ಲ. ಚಾಣ ಬಿಟ್ಟು ಎರಡೂ ಅಂಗೈ ತೂತಿಗೆ ಒತ್ತಿ ಹಿಡದ. ಬೀಳೋ ಗಚ್ಚಿಗೆ ಗೌಂಡಿ ಕೈ ಹಂಗೇ ಹೋಗತೈತಿ, ವಿಚಾರ ಮಾಡಿ ಹೋಗೂದಿಲ್ಲ. ನಮಗ ಮಾತ್ರ, "ನೀವು ಸರೀರಿ" ಅಂದ.

ಹಗ್ಗ ಅಲಗಾಡಿದ್ದು ನೋಡಿದೆ. ಏಳನೇ ತೂತಿನ ಸುತ್ತಿನ ಮುಖ, ಒಳಗಿನ ಮಣ್ಣು, ತೊಲಿ ಸಮೇತ ಒಂದ ಸಲಕ್ಕ ಅವನ ಮ್ಯಾಲೆ ಜಾರಿ ಬಂತು. ಮ್ಯಾಲಿನದು ಬೀಳಲಿಲ್ಲ. ಆರು ಕಲ್ಲು ಅದನ್ನ ಹಿಡಕೊಂಡು ನಿಂತ್ವು. ಬಿದ್ದದ್ದು ಬಂಡೆಗಲ್ಲಿನ ಕಟ್ಟಿ ಮ್ಯಾಲೇ ನಿಂತಿತು, ಓಣಿಗೆ ಒಂದು ಹಳ್ಳೂ ಹೋಗಲಿಲ್ಲ. ಅವತ್ತು ಹಗಲು ಎಂಟೂ ಮನ್ಯಾಗ ಮಂದಿ ಇದ್ರು. ಕೆಲಸ ಅಂತ ನೋಡಿದ್ರ ನಾವು ಹಾಕಿದ್ದು ಗಟ್ಟಿ ಕೆಲಸ.

ಕಾಕಾನ ತಗಿಯಾಕ ಎರಡು ತಾಸು ಹಿಡೀತು. ಹಾರಿ ಹಾಕಿದ್ರ ಮತ್ತ ಮಣ್ಣು ಸರೀತೈತಿ ಅಂತ ಕೈಲೆ ತಗದ್ವಿ. ಉಸಿರಿತ್ತು. ದವಾಖಾನಿ ಮುಟ್ಟೂ ಮದ್ಲ ಹೋದ.

ಮರುದಿನ ಹೆಣ ಎತ್ತೂ ಮುಂದ ಅವನ ಮನಿ ಬಾಗಲದಾಗ ಹೊಸ್ತಲ ಇರಲಿಲ್ಲ. ಕಲ್ಲು ಕಿತ್ತ ಜಾಗಾದಾಗ ಗೇಣಾಳ ತಗ್ಗು. ಹೊರಾವರು ಎಡವಬಾರದು ಅಂತ ಯಾರೋ ಒಂದು ಹಲಗಿ ತಂದು ಹಾಕಿದ್ರು. ಹಲಗಿ ಮ್ಯಾಲೆ ಹೆಜ್ಜಿ ಬಿದ್ದಾಗೊಮ್ಮೆ ಅದು ಬಡಬಡ ಅಂತಿತ್ತು. ನಾ ಅಂಗಳದಾಗ ನಿಂತಿದ್ದೆ. ಅಳಾಕ ನನಗ ಏನು ಹಕ್ಕಿತ್ತು? ಆದ್ರೂ ಅತ್ತೆ.

ವಿಚಾರಣಿ ಆತು. ಮಳಿಗೆ ಬಿತ್ತು ಅಂತ ಬರದ್ರ ಎಲ್ಲಾರಿಗೂ ಚಲೋ ಅಂತ ಸಾಹೇಬ್ರು ಮೆತ್ತಗ ಹೇಳಿದ್ರು. ನಾ ಏಳು ತೂತಿನ ಅಳತಿ, ಏಳು ಕಲ್ಲಿನ ಅಳತಿ ಬಾಜೂ ಬಾಜೂ ಬರದು, ಮುಚ್ಚಿಸಿದಂವ ನಾನು, ಒಸರೋ ನೀರು ನೋಡೀನೂ ತಗಿಯಾಕ ಬಿಟ್ಟಂವ ನಾನು ಅಂತ ಬರದೆ. ಕೆಲಸದಿಂದ ತಗದ್ರು. ಅದು ನ್ಯಾಯ. ಮಳಿಗಾಲ ಮುಗಿದ ಮ್ಯಾಲೆ ಬಿದ್ದ ಮುಖ ತಿರುಗಿ ಕಟ್ಟಬೇಕಾದಾಗ ಬುರುಜಿನ ಒಳಗು ಗೊತ್ತಿದ್ದಂವ ಬ್ಯಾರೆ ಯಾರೂ ಇರಲಿಲ್ಲ. ಗೌಂಡಿಗಳು ಕರದ್ರು. ಆಳಾಗಿ ಹೋದೆ.

ಏಳನೇ ಕಲ್ಲು ಕಾಕಾನ ಅಂಗಳದಾಗ ತಾಡಪತ್ರಿ ಕೆಳಗ ಇತ್ತು. ಅದನ್ನ ತಿರುಗಿ ಬಾಗಲಕ್ಕ ಕೂಡಿಸಿ ಕೊಡಬೇಕು, ಬುರುಜಿಗೆ ಹೊಸಾ ಕಲ್ಲು ಕಡಿಸಬೇಕು ಅಂತ ಮನಸ್ಸು ಮಾಡ್ಕೊಂಡು ಹೋದೆ. ತಾಡಪತ್ರಿ ಎತ್ತಿದೆ. ಕಲ್ಲಿಗೆ ಹಸಿ ಅರಿಷಿಣ ಹಚ್ಚಿತ್ತು. ಅಂವ ಹೋದ ಮ್ಯಾಲೂ ಆಕಿ ದಿನಾ ಅಂಗಳದಾಗೇ ಕುಂತು ಅದಕ್ಕ ಅರಿಷಿಣ ಹಚ್ಚಿಕೋತ ಬಂದಿದ್ದಳು. ಕುಂಕುಮ ಇರಲಿಲ್ಲ.

"ಅವ್ವಾರ, ಇದನ್ನ ಬಾಗಲಕ್ಕ ಹಾಕಿ ಕೊಡ್ತೀನಿ" ಅಂದೆ.

ಆಕಿ ಕಲ್ಲಿನ ನಡುವ ಸವದ ತಗ್ಗಿನ ಮ್ಯಾಲೆ ಕೈ ಇಟ್ಟಳು. "ನಾ ನಡಿಯಾಕ ಬಂದಾಗ ಇದರ ಮ್ಯಾಲೆ ಸೇರು ಒದ್ದು ಒಳಗ ಬಂದಾಕಿ, ತಮ್ಮಾ. ಅವರು ಹೊರಗ ಹೋಗೂದು ಇದನ್ನ ದಾಟಿ ಆಗಲಿಲ್ಲ. ಇನ್ನ ಬಾಗಲದಾಗ ಇದ್ದು ಏನು ಮಾಡೂದೈತಿ? ಎಲ್ಲಿಗೆ ಅಂತ ಕಿತ್ರೋ ಅಲ್ಲಿಗೇ ಹಾಕು."

ನಾಕು ಮಂದಿ ಹೊತ್ತು ಮ್ಯಾಲೆ ಒಯ್ದ್ವಿ. ಕೆಳಗಿನ ಮುಖ ಎದಿ ಮಟ ಎದ್ದಿತ್ತು. ಸವದ ತಗ್ಗು ಮ್ಯಾಲೆ ಬಂದ್ರ ಮುಂದಿನ ಕಲ್ಲು ಸಮಾ ಕೂಡೂದಿಲ್ಲ, ಮಗ್ಗಲಾ ಮಾಡಿ ಹಾಕೂಣು ಅಂತ ಒಬ್ಬ ಗೌಂಡಿ ಅಂದ. ಅಂವ ಹೇಳಿದ್ದು ಸರಿ. ನಾ ಕೇಳಲಿಲ್ಲ. ಮನ್ಯಾಗ ಹ್ಯಾಂಗ ಮಕಾ ಮ್ಯಾಲೆ ಮಾಡಿ ಇತ್ತೋ ಹಂಗೇ ಒಳಗ ಸರಿಸಿದ್ವಿ. ತಗ್ಗಿಗೆ ಸುಣ್ಣ ತುಂಬಿ ಸಮಾ ಮಾಡೂದು ನನ್ನ ಕೆಲಸ ಅಂತ ಹೇಳಿ, ಕರಣಿ ಬಿಟ್ಟು ಅಂಗೈಲೇ ತುಂಬಾಕ ಹತ್ತಿದೆ.

ಸುಣ್ಣ ಕಲ್ಲಿಗೆ ಮುಟ್ಟಿದಲ್ಲೆಲ್ಲ ಕೆಂಪಾಗಾಕ ಹತ್ತು. ನನ್ನ ಅಂಗೈ, ಬೆರಳ ಸಂದಿ, ಎಲ್ಲಾ ಕೆಂಪು. ಬಾಜೂಕ ನಿಂತಿದ್ದ ಗೌಂಡಿ ಗಾಬರಿ ಆಗಿ, ಕೈ ಕೊಯ್ತೇನ್ರಿ ಅಂತ ಕೇಳಿದ.

"ಇಲ್ಲ" ಅಂದೆ. "ಹೊಸ್ತಲದ ಅರಿಷಿಣ. ಸುಣ್ಣಕ್ಕ ಬಣ್ಣ ತಿರುಗೇತಿ."

ತಗ್ಗು ಸಮಾ ಆಗೂ ಮಟ ತುಂಬಿದೆ. ಮ್ಯಾಲಿನ ಕಲ್ಲು ತರ್ರಿ ಅಂದೆ.